ದನಿ ಕಳೆದ ಮೇಲೆ ಉಳಿಯುವ ಮಾತು

2023ರ ಏಪ್ರಿಲ್ 2ರ ಬೆಳಿಗ್ಗೆ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನ ಬಳಿ ಹೆಲಿಕಾಪ್ಟರೊಂದು ಇಸ್ರೋದ ರೆಕ್ಕೆಯ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಕೈಬಿಟ್ಟಿತು. ವಾಹನದೊಳಗೆ ಯಾರೂ ಇರಲಿಲ್ಲ. ನೆಲದಿಂದಲೂ ಉಪಗ್ರಹಗಳಿಂದಲೂ ಬರುತ್ತಿದ್ದ ರೇಡಿಯೋ ಸಂಕೇತಗಳನ್ನು ಲೆಕ್ಕಹಾಕುತ್ತ ಅದು ಡಿಆರ್‌ಡಿಒದ ಪರೀಕ್ಷಾ ನೆಲೆಯ ರನ್‌ವೇ ಮೇಲೆ ತಾನಾಗಿ ಇಳಿಯಿತು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲೇ ಮ್ಯಾಸನಾಯಕರ ಕಿಲಾರಿಗಳು ದೇವರ ಎತ್ತುಗಳನ್ನು ಕೂಗಿ ಕರೆದು ಕಾಯುತ್ತ ಬಂದಿದ್ದಾರೆ. ಅಲ್ಲಿ ಕರೆಗೂ ಕರೆಯುವವನ ಗಂಟಲಿಗೂ ಅಂತರವಿಲ್ಲ. ವಾಹನಕ್ಕೆ ಬಂದ ಸಂಕೇತಕ್ಕೆ ಗಂಟಲೇ ಇರಲಿಲ್ಲ. ಹಾಗಾದರೆ ಮಾತು ಇರುವುದು ದನಿಯಲ್ಲೋ, ದನಿಯನ್ನು ಬಿಟ್ಟರೂ ಉಳಿಯುವ ಬೇರೆ ಯಾವುದರಲ್ಲೋ?

ಹಳೆಯ ಪ್ರಶ್ನೆ. ಹವ್ಯಾಸಿ ರೇಡಿಯೋದವರ ಮೇಜಿನ ಮೇಲೆ ಅದಕ್ಕೆ ಹೊಸ ರೂಪ ಬಂದಿದೆ.

ರೇಡಿಯೋಗೂ ಕಂಪ್ಯೂಟರಿಗೂ ನಡುವೆ ಅವರು ಒಂದು ಪುಟ್ಟ ಡಬ್ಬಿ ಇಡುತ್ತಾರೆ. ರೇಡಿಯೋ ಹಿಡಿದ ಸದ್ದು ಅದರ ಮೂಲಕ ಕಂಪ್ಯೂಟರಿನ ಸೌಂಡ್ ಕಾರ್ಡ್ ಸೇರುತ್ತದೆ. ಅದು ಆ ಸದ್ದನ್ನು ಸೆಕೆಂಡಿಗೆ 48,000 ಸಲ ಅಳೆದು ಅಂಕಿಗಳಾಗಿಸಬಲ್ಲದು. ಕಂಪ್ಯೂಟರ್ ಹೊರಡಿಸಿದ ಸದ್ದು ಇದೇ ದಾರಿಯಲ್ಲಿ ಹಿಂದಿರುಗಿ ರೇಡಿಯೋದ ಮೈಕಿನ ಜಾಗಕ್ಕೆ ಹೋಗುತ್ತದೆ. ಎರಡೂ ಯಂತ್ರಗಳ ತಂತಿಗಳನ್ನು ನೇರವಾಗಿ ಬೆಸೆದರೆ ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ನುಸುಳಬಹುದು. ಅದಕ್ಕೇ ಒಳಗೆ ಸಣ್ಣ ಟ್ರಾನ್ಸ್‌ಫಾರ್ಮರುಗಳಿರುತ್ತವೆ. ತಂತಿ ತಂತಿಯನ್ನು ಮುಟ್ಟುವುದಿಲ್ಲ, ಕಾಂತಕ್ಷೇತ್ರವೇ ಸದ್ದನ್ನು ದಾಟಿಸುತ್ತದೆ. ಪ್ರಸಾರದ ಗುಂಡಿ ಒತ್ತುವ ಕೆಲಸವನ್ನು ಹಲವು ಡಬ್ಬಿಗಳಲ್ಲಿ ಬೆಳಕಿನ ಕಿರಣವೊಂದು ಮಾಡುತ್ತದೆ. ಸದ್ದಿನ ಮಟ್ಟ ಅತಿಯಾದರೆ ಸಂಕೇತ ಕೆಟ್ಟು ಅಕ್ಕಪಕ್ಕದವರ ಸಂಭಾಷಣೆಯ ಮೇಲೆ ಚೆಲ್ಲುತ್ತದೆ.

ಈ ಡಬ್ಬಿಯಿಂದ ಹೊರಡುವ ಜನಪ್ರಿಯ ಭಾಷೆಗಳಲ್ಲಿ ಎಫ್‌ಟಿ8 ಒಂದು. ಪಲ್ಸಾರ್ ಸಂಶೋಧನೆಗಾಗಿ 1993ರಲ್ಲಿ ನೊಬೆಲ್ ಪಡೆದ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ 2017ರಲ್ಲಿ ಇದನ್ನು ಹೊರತಂದರು. ಒಂದು ಸಂದೇಶಕ್ಕೆ 77 ಬಿಟ್‌ಗಳು; ತಪ್ಪು ತಿದ್ದಿಕೊಳ್ಳಲು ಇನ್ನಷ್ಟು ಸೇರಿ 174. ಹದಿಮೂರು ಸೆಕೆಂಡಿನಷ್ಟು ಸಣ್ಣನೆಯ ಸ್ವರಗಳು ಗದ್ದಲದಲ್ಲಿ ಮುಳುಗಿ, ಮನುಷ್ಯರ ಕಿವಿಗೆ ಏನೂ ದಕ್ಕದೆ ಹೋದರೂ, ಕಂಪ್ಯೂಟರ್ ಕೊನೆಯಲ್ಲಿ ಸಂದೇಶವನ್ನು ಇಡಿಯಾಗಿ ಬರೆದು ತೋರಿಸುತ್ತದೆ. ಇಲ್ಲವೇ ಏನೂ ತೋರಿಸುವುದಿಲ್ಲ. ಅರ್ಧ ಸಂದೇಶ ಎಂಬುದೇ ಇಲ್ಲ. ಮೋರ್ಸ್ ಸಂಕೇತದಲ್ಲಿ ಹಾಗಲ್ಲ, ಅಕ್ಷರಕ್ಕೆ ಅಕ್ಷರ ಕೂಡುತ್ತ ಹೋಗುತ್ತದೆ.

ವೈಯಾಕರಣ ಭರ್ತೃಹರಿ 'ವಾಕ್ಯಪದೀಯ'ದಲ್ಲಿ ವಾದಿಸಿದ್ದು ಎಫ್‌ಟಿ8ರ ಈ ಗುಣಕ್ಕೆ ಹತ್ತಿರದ ಮಾತನ್ನೇ. ವಾಕ್ಯ ಅಖಂಡ, ಒಂದೊಂದು ಧ್ವನಿಯೂ ಅದನ್ನು ಮಸುಕಾಗಿ ತೋರಿಸುತ್ತ ಹೋಗಿ, ಕೊನೆಯ ಧ್ವನಿಯೊಡನೆ ಸ್ಫೋಟ, ಅಂದರೆ ಅರ್ಥ ಹೊತ್ತ ಆ ಅಖಂಡ ರೂಪ, ಸ್ಪಷ್ಟವಾಗುತ್ತದೆ. ಮೀಮಾಂಸಕ ಕುಮಾರಿಲಭಟ್ಟ ಒಪ್ಪಲಿಲ್ಲ. ವರ್ಣಗಳೇ ಸಾಕು, ಅವು ಉಳಿಸಿದ ಸಂಸ್ಕಾರಗಳು ಕೊನೆಯ ವರ್ಣದೊಡನೆ ಸೇರಿ ಅರ್ಥ ಕೊಡುತ್ತವೆ ಎಂದ. ಅವನಿಗೆ 'ಸ್ಫೋಟಸಿದ್ಧಿ'ಯಲ್ಲಿ ಉತ್ತರ ಕೊಟ್ಟವನು ಮಂಡನಮಿಶ್ರ. ಶೃಂಗೇರಿಯ ಪರಂಪರೆ ಸುರೇಶ್ವರಾಚಾರ್ಯರೆಂದು ಗುರುತಿಸುವುದು ಇವನನ್ನೇ.

ಎಫ್‌ಟಿ8 ಮೇಲುನೋಟಕ್ಕೆ ಭರ್ತೃಹರಿಯ ಪಕ್ಷ. ಆದರೆ ಒಳಹೊಕ್ಕು ನೋಡಿದರೆ ಕುಮಾರಿಲನಿಗೇ ಬಲ ಹೆಚ್ಚು: 174 ಬಿಟ್‌ಗಳಲ್ಲಿ ಪ್ರತಿಯೊಂದೂ ತನ್ನ ಪಾಲಿನ ಸುಳಿವನ್ನು ಉಳಿಸಿರುತ್ತದೆ, ಗಣಿತ ಅವನ್ನೆಲ್ಲ ಒಟ್ಟುಗೂಡಿಸುತ್ತದೆ. ಇಡಿಯಾಗಿ ಮೂಡಿದ್ದೆಲ್ಲ ಅಖಂಡವಾಗಿರಬೇಕಿಲ್ಲ. ಮೇಲಾಗಿ, ಭರ್ತೃಹರಿ ಹೇಳುವ ಪ್ರತಿಭೆ, ಅಂದರೆ ವಾಕ್ಯಾರ್ಥದ ಅರಿವು, ಅರಿಯುವವನ ಒಳಗೆ ಹೊಳೆಯುವಂಥದ್ದು. ಕಂಪ್ಯೂಟರಿಗೆ ಸಂದೇಶ ಸಿಕ್ಕಿತೇ ಹೊರತು ಅರ್ಥವಾಗಲಿಲ್ಲ.

ಹೇಳುವವರ ವೇಗ, ಎಳೆತ, ಉಸಿರು ಇವೆಲ್ಲ ವೈಕೃತ ಧ್ವನಿ, ಅವುಗಳಿಂದ ಸ್ಫೋಟಕ್ಕೆ ಭೇದವಿಲ್ಲ ಎಂದೂ ಭರ್ತೃಹರಿಯ ಸಂಪ್ರದಾಯ ಹೇಳುತ್ತದೆ. ರೇಡಿಯೋ ಹವ್ಯಾಸಿಯ ಗುರುತಾದ ಕಾಲ್ ಸೈನ್ ತಲುಪಿಸುವಾಗ ಇದು ನಿಜ. ಇದೇ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಜನಪದ ಹಾಡುಗಾರ್ತಿ ಸಿರಿಯಜ್ಜಿಯ ಮುಂದೆ ಇದು ನಿಲ್ಲದು. ಓದುಬರಹ ಕಲಿಯದ ಆಕೆಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಆಕೆಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿ ಅಚ್ಚಿಗೆ ತಂದರು. ಅಚ್ಚಿನಲ್ಲಿ ಪದಗಳು ಉಳಿದಿವೆ. ಎಳೆತ, ತಡೆ, ಸೋಬಾನೆಯ ಉಸಿರು ಉಳಿದಿಲ್ಲ, ಅವೂ ಹಾಡಿನ ಅರ್ಥವೇ.

ಈ ನಷ್ಟಕ್ಕೆ ಅಂಕಿಗಳನ್ನು ದೂರುವುದು ಸರಿಯಲ್ಲ. ಅದೇ ಸೌಂಡ್ ಕಾರ್ಡ್ ಅಜ್ಜಿಯ ಹಾಡನ್ನೂ ಉಸಿರಿನ ಸಮೇತ ಅಳೆದಿಡಬಲ್ಲದು. ಎಫ್‌ಟಿ8ಗೆ ಸುಮಾರು 50 ಹರ್ಟ್ಸ್ ಜಾಗ ಸಾಕು, ರೇಡಿಯೋದಲ್ಲಿ ಮನುಷ್ಯರ ದನಿಗೆ ಸುಮಾರು 2,500 ಬೇಕು. 77 ಬಿಟ್ ಸಾಕು ಎಂದು ತೀರ್ಮಾನಿಸಿದವರು ಮನುಷ್ಯರು.