ಮುತ್ಯಾನ ಕತಿ, ಮಂದಿಯ ಬದು

ಅರವತ್ತು ದಾಟಿದ ಮ್ಯಾಲೆ ನಮ್ಮ ಮುತ್ಯಾನ ಬಾಳುವೆಯನ್ನ ಕತಿ ಮಾಡಿ ಬರೀಬೇಕು ಅನ್ನೋ ಹುಚ್ಚು ನನಗ ಹಿಡೀತು. ನಾನು ಏಳನೇ ಇಯತ್ತೆ ಕಲಿತ ಒಕ್ಕಲಿಗ. ಗೀಗೀ ಪದ ಕಟ್ಟಿ ಹಾಡಿ ಗೊತ್ತು, ಕಾದಂಬರಿ ಗೊತ್ತಿಲ್ಲ. ಬರೀಲಿಕ್ಕೆ ಕೂತಾಗ ಒಂದು ಪ್ರಶ್ನೆ ಎದ್ದಿತು: ಸತ್ತವರ ಬಾಯಾಗ ಮಾತು ಇಡೋ ಹಕ್ಕು ನಮಗ ಎಷ್ಟು ಅದ?

ಮುತ್ಯಾ ಸೋಲಾಪುರದ ಬಟ್ಟಿ ಗಿರಣಿಯಾಗ ದುಡೀತಿದ್ದ. 1930ರ ಮೇ ತಿಂಗಳದಾಗ ಗಾಂಧೀಜಿಯವರನ್ನು ಹಿಡಿದ ಸುದ್ದಿ ಬಂದು ಊರು ಎದ್ದಿತು. ಪೊಲೀಸರು ಗುಂಡು ಹಾರಿಸಿದರು, ಸರಕಾರ ಮಾರ್ಷಲ್ ಲಾ ಹೇರಿತು. 1931ರ ಜನವರಿ 12ಕ್ಕೆ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನ ಪುಣೆಯ ಯರವಡಾ ಜೇಲಿನಾಗ ಗಲ್ಲಿಗೆ ಹಾಕಿದರು. ಅವರ ಜೋಡಿ ನಮ್ಮ ಮುತ್ಯಾನೂ ಮುಂದ ನಿಂತಿದ್ದ ಅಂತ ಇಪ್ಪತ್ತು ವರ್ಷ ಜಾತ್ರ್ಯಾಗ ಹಾಡೀನಿ. ಮಂದಿ ಚಪ್ಪಾಳಿ ತಟ್ಯಾರ.

ಬರೆಯೋ ಮುಂದ ಖರೆ ಸಂಗತಿ ಕೇಳಬೇಕಂತ ತೊಂಬತ್ತು ದಾಟಿದ ಸೋದರತ್ತಿ ಹಂತ್ಯಾಕ ಹೋದೆ. ಅಕಿ ನಕ್ಕಳು. "ಎಲ್ಲಿ ನಿಂತಿದ್ದನೋ ತಮ್ಮಾ! ಗುಂಡಿನ ಸಪ್ಪಳಕ್ಕ ಅಂಜಿ, ಟೊಪ್ಪಿಗಿ ಬಗಲಾಗ ಮುಚ್ಚಿಕೊಂಡು, ನಮ್ಮಪ್ಪ ರಾತ್ರೋರಾತ್ರಿ ಅಕ್ಕಲಕೋಟ ದಾರಿ ಹಿಡಿದ ಅಂತ ಅವ್ವ ಹೇಳತಿದ್ದಳು." ಆಗ ಅಕ್ಕಲಕೋಟ ಭೋಸಲೆ ರಾಜರ ಸಂಸ್ಥಾನ. ಸೋಲಾಪುರದಿಂದ ಹತ್ತಿರ ಹತ್ತಿರ 40 ಕಿಲೋಮೀಟರ್ ನಡಿಗಿ.

ಒಂದು ವಾರ ನಾನು ಪೆನ್ನು ಮುಟ್ಟಲಿಲ್ಲ.

ಆಮ್ಯಾಲೆ ಹೊಲದಾಗ ನಿಂತಾಗ ತಿಳೀತು. ನಮ್ಮ ಹೊಲದಾಗ ಬೇಕಾದ್ದು ಬಿತ್ತಬಹುದು, ಬಾಜೂದವರ ಬದು ಒತ್ತಬಾರದು. ಕತಿಗೂ ಅದೇ ನೇಮ. ಆ ರಾತ್ರಿ ಮುತ್ಯಾನ ಎದಿ ಹೆಂಗ ಬಡಕೊಂಡಿತು, ಯಾವ ಹಳ್ಳದಾಗ ವರತಿ ತೋಡಿ ನೀರು ಕುಡಿದ, ಬಾಗಿಲಾಗ ನಿಂತು ಆಯಿಗೆ ಏನಂದ, ಇದನ್ನ ಯಾರೂ ಬರೆದಿಟ್ಟಿಲ್ಲ. ಅದು ನಮ್ಮ ಖಾಲಿ ಹೊಲ. ಅಲ್ಲಿ ಕಲ್ಪನಾ ಬಿತ್ತಿದರ ತಪ್ಪಿಲ್ಲ. ಆದರ ಆ ನಾಲ್ವರು ಜೀವ ಕೊಟ್ಟು ಗಳಿಸಿದ ಹೆಸರಿನಾಗ ಒಂದು ಸಾಲು ನಮ್ಮ ಮನೆತನಕ್ಕ ಸೇರಿಸಿಕೊಂಡರ, ಅದು ಬದು ಒತ್ತಿದಂಗ.

ಕತಿ ಅಂದಮ್ಯಾಲೆ ಸುಳ್ಳು ಇದ್ದದ್ದೇ ಅಂತ ಕೆಲವರು ಅಂತಾರ. ಖರೆ, ಆದರ ಇದು ಕತಿ ಅಂತ ಕೇಳೋರಿಗೆ ಗೊತ್ತಿರಬೇಕು. ನಾನು ಹಾಡಿದ್ದನ್ನ ಮಂದಿ ನಡೆದದ್ದೇ ಅಂತ ನಂಬಿದ್ದರು. ಮುತ್ಯಾ ಅಂಜಿದ್ದಕ್ಕ ನಾನ್ಯಾಕ ನಾಚಬೇಕು? ಅಂವ ಉಳಿದದ್ದಕ್ಕ ನಾ ಇವತ್ತ ಹಾಡತೀನಿ.

ಹ್ವಾದ ವರ್ಷ ಜಾತ್ರ್ಯಾಗ ಪದ ತಿದ್ದಿ ಹಾಡಿದೆ. ಚಪ್ಪಾಳಿ ಕಡಿಮಿ ಬಿತ್ತು. ಮುಗಿದ ಮ್ಯಾಲೆ ಒಬ್ಬ ಮುದುಕ ಬಂದು ಕೈ ಹಿಡಿದು ಅಂದ: "ನಮ್ಮಪ್ಪನೂ ಆವಾಗ ಹಂಗೇ ಓಡಿ ಬಂದಿದ್ದ ನೋಡಪಾ. ಇಲ್ಲಿತನಕ ಯಾರ ಮುಂದೂ ಹೇಳಿರಲಿಲ್ಲ."