ಬಾಡಿಗೆ ಕೋಣೆಯೂ ಆತಿಥ್ಯವೂ



ಮಕ್ಕಳ ಪಠ್ಯಪುಸ್ತಕಕ್ಕಾಗಿಯೋ ಮದುವೆಯ ಒಡವೆಗಾಗಿಯೋ ನೀವು ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋಗಿರಬಹುದು. ಆ ನೂಕುನುಗ್ಗಲಿನಲ್ಲಿ ತಲೆಯೆತ್ತಿ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ನೋಡಿದರೆ, ಅಲ್ಲಿಯೂ ಸುತ್ತಲಿನ ಪೇಟೆಯ ಬೀದಿಗಳಲ್ಲಿಯೂ ಅಂಗಡಿಗಳ ಮೇಲಂತಸ್ತಿನಲ್ಲಿ ಹಳೆಯ ಲಾಡ್ಜುಗಳ ಬೋರ್ಡುಗಳು ಕಾಣುತ್ತವೆ. ಕಿರಿದಾದ ಮೆಟ್ಟಿಲು, ಒಂದು ಮೇಜು, ದಪ್ಪನೆಯ ರಿಜಿಸ್ಟರು, ಗೋಡೆಗೆ ತೂಗುಹಾಕಿದ ಬೀಗದ ಕೈಗಳು. ಸಗಟು ಸರಕು ಕೊಳ್ಳಲು ಬಂದ ಊರಿನ ವ್ಯಾಪಾರಿ, ಪರೀಕ್ಷೆ ಬರೆಯಲು ಬಂದ ಹುಡುಗ, ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಮಲಗಿರುವ ರೋಗಿಯ ಅಣ್ಣ, ಇಂಥವರು ಆ ಮೇಜಿನ ಮುಂದೆ ನಿಲ್ಲುತ್ತಾರೆ. ಹೆಸರು ಬರೆಯುತ್ತಾರೆ, ಮುಂಗಡ ಕೊಡುತ್ತಾರೆ, ಬೀಗದ ಕೈ ತೆಗೆದುಕೊಳ್ಳುತ್ತಾರೆ.

ಇದನ್ನು ಆತಿಥ್ಯ ಎನ್ನಬಹುದೇ? ಅಥವಾ ಇದು ಬರಿಯ ವ್ಯಾಪಾರವೇ? ಸಣ್ಣ ಪ್ರಶ್ನೆಯೆಂದು ತೋರಬಹುದು. ಆದರೆ ಇದಕ್ಕೆ ನಾವು ಕೊಡುವ ಉತ್ತರ ನಮ್ಮ ಮನೆಯ ಬಾಗಿಲಿನವರೆಗೂ ಬರುತ್ತದೆ.

ಮೊದಲು ಮಾತುಗಳನ್ನು ನೋಡೋಣ. ‘ಹೋಟೆಲ್’ ಎಂದರೆ ಕನ್ನಡಿಗರಿಗೆ ಇಡ್ಲಿ, ದೋಸೆ, ಕಾಫಿ. ಮಲಗಲು ಬೇಕಾದದ್ದು ಲಾಡ್ಜು. ಅದಕ್ಕೂ ಹಿಂದಿನದು ಛತ್ರ. ಆದರೆ ಹೋಟೆಲ್ ಎಂಬ ಪದ ಹುಟ್ಟಿದ್ದು ‘ಹೋಸ್ಪೆಸ್’ ಎಂಬ ಲ್ಯಾಟಿನ್ ಮೂಲದಿಂದ. ಆ ಭಾಷೆಯಲ್ಲಿ ಅತಿಥಿಗೂ ಅತಿಥಿಯನ್ನು ಬರಮಾಡಿಕೊಳ್ಳುವವನಿಗೂ ಇದೊಂದೇ ಹೆಸರು. ಇಂದು ಬಾಗಿಲು ತೆರೆದವನು ನಾಳೆ ಇನ್ನೊಬ್ಬನ ಬಾಗಿಲಲ್ಲಿ ನಿಲ್ಲಬೇಕಾದವನೇ ಎಂಬ ತಿಳಿವು ಆ ಪದದಲ್ಲಿ ಅಡಗಿದೆ. ಹಾಸ್ಪಿಟಲ್ ಎಂಬ ಪದವೂ ಅದೇ ಬೇರಿನದು. ಅವೆನ್ಯೂ ರಸ್ತೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, 1886ರಲ್ಲಿ ಗುಡ್ ಶೆಪರ್ಡ್ ಕನ್ಯಾಸ್ತ್ರೀಯರು ಆರಂಭಿಸಿದ ಆಸ್ಪತ್ರೆಗೆ ಸಂತ ಮಾರ್ತಳ ಹೆಸರಿದೆ. ಬೆಥಾನಿಯದ ತನ್ನ ಮನೆಯಲ್ಲಿ ಯೇಸುಸ್ವಾಮಿಯನ್ನು ಉಪಚರಿಸಿದ ಆ ಮಾರ್ತಳನ್ನೇ ಧರ್ಮಸಭೆ ಆತಿಥ್ಯದ ಪಾಲಕಿಯೆಂದು ಗೌರವಿಸುತ್ತದೆ. ರೋಗಿಯನ್ನೂ ಪಯಣಿಗನನ್ನೂ ನಮ್ಮ ಹಿರಿಯರು ಬೇರೆ ಬೇರೆಯಾಗಿ ಕಾಣಲಿಲ್ಲ.

ನಮ್ಮ ‘ಅತಿಥಿ’ ಪದವೂ ಅಷ್ಟೇ ಅರ್ಥಗರ್ಭಿತ. ತಿಥಿಯಿಲ್ಲದೆ, ಅಂದರೆ ದಿನ ಗೊತ್ತುಮಾಡದೆ ಬರುವವನು ಅತಿಥಿ ಎಂದು ಹಿರಿಯರು ಬಿಡಿಸಿ ಹೇಳುತ್ತಾರೆ. ಕರೆದು ಊಟ ಹಾಕಿದವನು ನೆಂಟ. ಕರೆಯದೆ ಬಂದವನು ಅತಿಥಿ.

ಅವೆನ್ಯೂ ರಸ್ತೆಗೆ ಹಿಂದೆ ದೊಡ್ಡಪೇಟೆ ಎಂದು ಹೆಸರಿತ್ತು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರಿನ ನಡುವಿನ ಬೀದಿ ಅದು. ಪೇಟೆ ಎಂದ ಮೇಲೆ ಪರಸ್ಥಳದವರು ಬರಲೇಬೇಕು, ರಾತ್ರಿ ತಂಗಲೇಬೇಕು. ಆ ಅಗತ್ಯವನ್ನು ಕಂಡವರಲ್ಲಿ ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡುತ್ತಿದ್ದ ಗುಬ್ಬಿ ತೋಟದಪ್ಪನವರು ಒಬ್ಬರು. ತಾವು ಗಳಿಸಿದ್ದನ್ನು ಧರ್ಮಕ್ಕೆಂದು ಮುಡಿಪಾಗಿಟ್ಟು ರೈಲು ನಿಲ್ದಾಣದ ಸಮೀಪ ಅವರು ಕಟ್ಟಿಸಿದ ಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ಬಳಿಕ ವಿದ್ಯಾರ್ಥಿಗಳಿಗೂ ಅವರು ಉಚಿತ ವಸತಿ ಕಲ್ಪಿಸಿದರು. ಒಬ್ಬ ವ್ಯಾಪಾರಿ, ತಾನು ಎಂದೂ ಕಾಣದ ಜನರಿಗೆ ಸೂರು ಕೊಟ್ಟದ್ದು ದೊಡ್ಡ ಮಾತು.

ಇದನ್ನೆಲ್ಲ ಕೇಳಿದಾಗ ನಾವು ಥಟ್ಟನೆ ಒಂದು ತೀರ್ಪು ಕೊಟ್ಟುಬಿಡುತ್ತೇವೆ: ಛತ್ರ ಧರ್ಮ, ಲಾಡ್ಜು ವ್ಯಾಪಾರ. ದುಡ್ಡು ಕೈ ಬದಲಾಯಿಸಿದೊಡನೆ ಆತಿಥ್ಯ ಸತ್ತುಹೋಯಿತು ಎಂದು ಭಾವಿಸುತ್ತೇವೆ. ಈ ತೀರ್ಪು ಸರಿಯೇ?

ಶುಭಸಂದೇಶವನ್ನೇ ಕೇಳೋಣ. ಕ್ರಿಸ್ತ ಜಯಂತಿಯ ನಾಟಕಗಳಲ್ಲಿ ಛತ್ರದ ಯಜಮಾನನೊಬ್ಬ ಇದ್ದೇ ಇರುತ್ತಾನೆ. ಮಾತೆ ಮರಿಯಮ್ಮನವರನ್ನೂ ಸಂತ ಜೋಸೆಫರನ್ನೂ ಗದರಿಸಿ ಕಳುಹಿಸುತ್ತಾನೆ. ಧರ್ಮಕೇಂದ್ರದ ಹುಡುಗರು ಆ ಪಾತ್ರಕ್ಕಾಗಿ ಜಗಳವಾಡುವುದೂ ಉಂಟು. ಆದರೆ ಸಂತ ಲೂಕನ ಎರಡನೆಯ ಅಧ್ಯಾಯವನ್ನು ತೆರೆದು ನೋಡಿ. ಅಂಥ ಯಜಮಾನ ಅಲ್ಲಿಲ್ಲ. ಸ್ಥಳವಿರಲಿಲ್ಲ ಎಂಬುದಷ್ಟೇ ಇದೆ. ಅಲ್ಲಿ ಲೂಕ ಬಳಸಿರುವ ಗ್ರೀಕ್ ಪದ ‘ಕತಾಲುಮ’. ಅದಕ್ಕೆ ತಂಗುವ ಕೋಣೆ ಎಂಬ ಅರ್ಥವೂ ಇದೆ. ಕಡೆಯ ಭೋಜನಕ್ಕಾಗಿ ಪ್ರಭು ಶಿಷ್ಯರಿಂದ ಕೇಳಿಸಿದ ಕೋಣೆಗೂ ಲೂಕ ಇದೇ ಪದವನ್ನು ಇಟ್ಟಿದ್ದಾನೆ. ಹುಟ್ಟುವಾಗ ಯಾವ ಕೋಣೆಯಲ್ಲಿ ತನಗೆ ಜಾಗವಿರಲಿಲ್ಲವೋ ಅಂಥದೇ ಕೋಣೆಯಲ್ಲಿ ಆತ ತಾನೇ ಆತಿಥೇಯನಾಗಿ ನಮಗೆ ಔತಣವಿಟ್ಟ.

ಹಾಗಾದರೆ ಛತ್ರದ ಯಜಮಾನ ಶುಭಸಂದೇಶದಲ್ಲಿ ಇಲ್ಲವೇ ಇಲ್ಲವೇ? ಇದ್ದಾನೆ. ದಯಾಳುವಾದ ಸಮಾರಿಯದವನ ಸಾಮತಿಯಲ್ಲಿ, ಲೂಕನ ಹತ್ತನೆಯ ಅಧ್ಯಾಯದಲ್ಲಿ ಇದ್ದಾನೆ. ಅವನು ಎರಡು ನಾಣ್ಯಗಳನ್ನು ಮುಂಗಡವಾಗಿ ಪಡೆಯುತ್ತಾನೆ. ಹೆಚ್ಚಿಗೆ ಖರ್ಚಾದರೆ ಹಿಂದಿರುಗುವಾಗ ಕೊಡುವೆನೆಂಬ ಮಾತನ್ನು ನಂಬುತ್ತಾನೆ. ದುಡ್ಡು ಪಡೆದನೆಂದು ಯೇಸುಸ್ವಾಮಿ ಅವನನ್ನು ಹೀಗಳೆಯಲಿಲ್ಲ. ಸಮಾರಿಯದವನು ಗಾಯ ಕಟ್ಟಿ, ಕತ್ತೆಯ ಮೇಲೆ ಕೂರಿಸಿ ತಂದದ್ದು ದೊಡ್ಡದು ನಿಜ. ಆದರೆ ಬೆಳಗಾದ ಮೇಲೆ ಅವನು ತನ್ನ ದಾರಿ ಹಿಡಿಯಬೇಕಾಯಿತು. ಗಾಯಾಳುವಿನ ಪಕ್ಕದಲ್ಲಿ ಉಳಿದವನು ದುಡ್ಡು ಪಡೆದ ಆ ಛತ್ರದವನು. ಈ ಛತ್ರಕ್ಕೆ ಲೂಕ ಬೇರೆಯೇ ಪದ ಬಳಸಿದ್ದಾನೆ: ‘ಪಾಂದೊಖೆಯೊನ್’. ಎಲ್ಲರನ್ನೂ ಬರಮಾಡಿಕೊಳ್ಳುವ ಸ್ಥಳ ಎಂದು ಅದರ ಅರ್ಥ.

ಎಲ್ಲರನ್ನೂ ಎಂಬ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಆ ಗ್ರೀಕ್ ಪದ ಅರಬರ ಬಾಯಲ್ಲಿ ‘ಫುಂದುಕ್’ ಆಯಿತು. ಅರಬರೊಡನೆ ವ್ಯಾಪಾರ ಮಾಡಿದ ಇಟಲಿಯವರ ಬಾಯಲ್ಲಿ ‘ಫೊಂದಾಕೊ’ ಆಯಿತು. ಬಂದರು ನಗರವಾದ ವೆನಿಸ್‌ನಲ್ಲಿ 13ನೆಯ ಶತಮಾನದಲ್ಲೇ ಜರ್ಮನ್ ವರ್ತಕರಿಗಾಗಿ ಒಂದು ಫೊಂದಾಕೊ ಇತ್ತು. 1621ರಿಂದ ತುರ್ಕಿ ವರ್ತಕರಿಗೆ ಇನ್ನೊಂದಾಯಿತು. ವಸತಿ ಕೊಟ್ಟದ್ದು ಒಳ್ಳೆಯದೇ. ಆದರೆ ಪರದೇಶದ ವರ್ತಕರು ಅಲ್ಲಿಯೇ ಇರಬೇಕು, ಕಾವಲಿನಲ್ಲಿರಬೇಕು, ತುರ್ಕರ ಕಟ್ಟಡದ ಬಾಗಿಲನ್ನು ರಾತ್ರಿ ಮುಚ್ಚಬೇಕು ಎಂಬ ಕಟ್ಟಳೆಗಳಿದ್ದವು. ಎಲ್ಲರನ್ನೂ ಸೇರಿಸಿಕೊಳ್ಳುವ ಮನೆ ಎಂಬ ಹೆಸರು ಹೊತ್ತ ಕಟ್ಟಡ, ಬೇರೆಯವರನ್ನು ಬೇರೆಯಾಗಿಯೇ ಇಡುವ ಕಟ್ಟಡವಾಯಿತು.

ನಮ್ಮ ದೇಶದ ಅನುಭವವೂ ಇದಕ್ಕಿಂತ ಭಿನ್ನವಲ್ಲ. ದುಡ್ಡು ಕೇಳದ ಎಷ್ಟೋ ಛತ್ರಗಳು ಜಾತಿಯನ್ನು ಕೇಳಿದವು. ದುಡ್ಡು ಕೇಳಿದ ಲಾಡ್ಜು ಹಲವೊಮ್ಮೆ ಜಾತಿಯನ್ನು ಕೇಳಲಿಲ್ಲ. ಹಾಗಾದರೆ ಆ ರಾತ್ರಿ ಎಲ್ಲೂ ಜಾಗ ಸಿಗದವನ ಪಾಲಿಗೆ ಇವೆರಡರಲ್ಲಿ ಯಾವುದು ‘ಎಲ್ಲರನ್ನೂ ಬರಮಾಡಿಕೊಳ್ಳುವ’ ಮನೆ?

ಡಾ. ಬಿ. ಆರ್. ಅಂಬೇಡ್ಕರರು ತಾವೇ ಬರೆದಿಟ್ಟ ಒಂದು ಘಟನೆಯನ್ನು ಕೇಳಿ. ವಿದೇಶದಲ್ಲಿ ಓದಿ 1917ರಲ್ಲಿ ಅವರು ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದರು. ಇರಲು ಜಾಗವಿಲ್ಲ. ಹಿಂದೂ ಹೋಟೆಲುಗಳು ಸೇರಿಸಿಕೊಳ್ಳಲಾರವೆಂದು ಅವರಿಗೆ ಗೊತ್ತಿತ್ತು. ಪಾರ್ಸಿಗಳ ವಸತಿಗೃಹವೊಂದರ ಮೇಲ್ವಿಚಾರಕ ಬಾಡಿಗೆಯ ಆಸೆಗೆ ಒಪ್ಪಿದ. ಆದರೆ ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆಯಬೇಕಾಯಿತು. ಹನ್ನೊಂದನೆಯ ದಿನ ಕೋಲು ಹಿಡಿದ ಹತ್ತಾರು ಮಂದಿ ಮೆಟ್ಟಿಲು ಹತ್ತಿ ಬಂದು, ಸಂಜೆಯೊಳಗೆ ಖಾಲಿ ಮಾಡು ಎಂದರು. ಅವರು ಇಬ್ಬರು ಮಿತ್ರರನ್ನು ಆಶ್ರಯ ಬೇಡಿದರು. ಒಬ್ಬ ಹಿಂದೂ, ಇನ್ನೊಬ್ಬ ಭಾರತೀಯ ಕ್ರೈಸ್ತ. ಹಿಂದೂ ಮಿತ್ರ, ನೀನು ಬಂದರೆ ಮನೆಯ ಆಳುಗಳು ಬಿಟ್ಟು ಹೋಗುತ್ತಾರೆ ಎಂದ. ಕ್ರೈಸ್ತ ಮಿತ್ರ, ನಾಳೆ ಹೆಂಡತಿ ಬರುತ್ತಾಳೆ, ಕೇಳಿ ಹೇಳುತ್ತೇನೆ ಎಂದ. ಆ ಉತ್ತರದ ಒಳ ಅರ್ಥ ಅಂಬೇಡ್ಕರರಿಗೆ ಆಮೇಲೆ ತಿಳಿಯಿತು. ಜ್ಞಾನಸ್ನಾನವಾಗಿದ್ದರೂ ಆ ಮನೆಯಲ್ಲಿ ಜಾತಿ ಉಳಿದಿತ್ತು. ರಾತ್ರಿಯ ರೈಲಿನವರೆಗೆ ಅವರು ಸಾರ್ವಜನಿಕ ಉದ್ಯಾನವೊಂದರಲ್ಲಿ ಕುಳಿತು ಕಾಲ ಕಳೆದರು.

ಓದುಗರೇ, ಆ ಕ್ರೈಸ್ತ ಮಿತ್ರನ ಮನೆಯ ಬಾಗಿಲನ್ನು ನಾವು ದಾಟಿ ಮುಂದೆ ಹೋಗಬಾರದು. ಕೋಲು ಹಿಡಿದವರನ್ನು ಖಂಡಿಸುವುದು ಸುಲಭ. ಸೌಜನ್ಯದಿಂದ ಮುಚ್ಚಿದ ಬಾಗಿಲು ನಮ್ಮ ಮನೆಯದ್ದೂ ಆಗಿರಬಹುದು.

ಇದು ಒಂದು ದೇಶದ ರೋಗವಲ್ಲ. 1943ರಲ್ಲಿ ಲಂಡನ್ನಿನ ಇಂಪೀರಿಯಲ್ ಹೋಟೆಲು, ಮೊದಲೇ ಕೋಣೆ ಕಾಯ್ದಿರಿಸಿದ್ದ ವೆಸ್ಟ್ ಇಂಡೀಸಿನ ಹೆಸರಾಂತ ಕ್ರಿಕೆಟ್ ಆಟಗಾರ ಲಿಯರಿ ಕಾನ್‌ಸ್ಟಂಟೈನರನ್ನು ಬಣ್ಣದ ಕಾರಣಕ್ಕೆ ಇರಗೊಡಲಿಲ್ಲ. ಅವರು ನ್ಯಾಯಾಲಯಕ್ಕೆ ಹೋಗಿ 1944ರಲ್ಲಿ ಗೆದ್ದರು. ಸಿಕ್ಕ ಪರಿಹಾರ ಕೇವಲ ಐದು ಗಿನಿ. ಆದರೆ ತಕ್ಕ ಕಾರಣವಿಲ್ಲದೆ ಪಯಣಿಗನನ್ನು ಹಿಂದಕ್ಕೆ ಕಳುಹಿಸುವ ಹಕ್ಕು ಛತ್ರ ನಡೆಸುವವನಿಗಿಲ್ಲ ಎಂಬ ಇಂಗ್ಲೆಂಡಿನ ಹಳೆಯ ನ್ಯಾಯಕ್ಕೆ ಮತ್ತೆ ಬಲ ಬಂತು. ನಮ್ಮ ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡವೂ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಕಾರಣಕ್ಕಾಗಿಯೇ ಯಾವ ನಾಗರಿಕನನ್ನೂ ಅಂಗಡಿ, ಹೋಟೆಲುಗಳಿಂದ ದೂರವಿಡಬಾರದೆಂದು ವಿಧಿಸಿದೆ.

ಈಗ ನೀವು ಒಂದು ನ್ಯಾಯವಾದ ಆಕ್ಷೇಪ ಎತ್ತಬಹುದು: “ಕಾಲ ಕೆಟ್ಟಿದೆ ಫಾದರ್, ಬಂದವರನ್ನೆಲ್ಲ ಒಳಗೆ ಬಿಟ್ಟುಕೊಳ್ಳಲು ಆಗುತ್ತದೆಯೇ?” ನಿಜ. ತತ್ವಜ್ಞಾನಿ ಕಾಂಟ್ 1795ರಲ್ಲಿ ಬರೆದ ಶಾಶ್ವತ ಶಾಂತಿಯ ಕುರಿತ ಪ್ರಬಂಧದಲ್ಲಿ ಇದನ್ನು ವಿವೇಚಿಸಿದ್ದಾನೆ. ಭೂಮಿ ಗುಂಡಗಿದೆ, ಮನುಷ್ಯರು ಎಷ್ಟು ಚದುರಿದರೂ ಕಡೆಗೆ ಒಬ್ಬರ ಪಕ್ಕ ಒಬ್ಬರು ಬಾಳಲೇಬೇಕು. ಆದ್ದರಿಂದ ಬಂದವನನ್ನು ಶತ್ರುವಿನಂತೆ ಕಾಣದಿರುವುದು ನಮ್ಮ ಔದಾರ್ಯವಲ್ಲ, ಅವನ ಹಕ್ಕು. ಆದರೆ ಮನೆಯವನಂತೆ ಅಲ್ಲೇ ಉಳಿದುಬಿಡುವ ಹಕ್ಕು ಅವನಿಗಿಲ್ಲ. ಸಂತ ಬೆನೆಡಿಕ್ಟರ ನಿಯಮಾವಳಿಯ 53ನೆಯ ಅಧ್ಯಾಯವೂ ಬರುವ ಪ್ರತಿಯೊಬ್ಬ ಅತಿಥಿಯಲ್ಲಿ ಕ್ರಿಸ್ತನನ್ನೇ ಕಂಡು ಬರಮಾಡಿಕೊಳ್ಳಬೇಕೆಂದು ಬೋಧಿಸುತ್ತದೆ. ಅದೇ ಅಧ್ಯಾಯ, ಮೋಸಹೋಗದಂತೆ ಮೊದಲು ಅತಿಥಿಯೊಡನೆ ಪ್ರಾರ್ಥಿಸಬೇಕು, ಮಠದ ಶಾಂತಿ ಕೆಡದಂತೆ ಅತಿಥಿಗಳ ಅಡುಗೆಮನೆ ಬೇರೆಯಿರಬೇಕು ಎಂದೂ ಹೇಳುತ್ತದೆ. ಎಚ್ಚರಿಕೆ ಪಾಪವಲ್ಲ.

ಎಚ್ಚರಿಕೆಗೂ ತಿರಸ್ಕಾರಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ? ಎಚ್ಚರಿಕೆ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತದೆ: ಹೆಸರೇನು, ಊರು ಯಾವುದು, ಗುರುತಿನ ಚೀಟಿ ಇದೆಯೇ? ತಿರಸ್ಕಾರ ಕೆಲವರನ್ನು ಮಾತ್ರ ಇನ್ನೊಂದು ಪ್ರಶ್ನೆ ಕೇಳುತ್ತದೆ. ಎಚ್ಚರಿಕೆ ನಡತೆಯನ್ನು ನೋಡುತ್ತದೆ. ತಿರಸ್ಕಾರ ಹುಟ್ಟನ್ನು ನೋಡುತ್ತದೆ. ಆದ್ದರಿಂದ ನನ್ನ ಉತ್ತರ ಇಷ್ಟು: ಬಾಡಿಗೆ ಪಡೆಯುವುದರಿಂದ ಆತಿಥ್ಯ ಕೆಡುವುದಿಲ್ಲ. ಮನುಷ್ಯರನ್ನು ಹುಟ್ಟಿನಿಂದ ಆರಿಸುವುದರಿಂದ ಕೆಡುತ್ತದೆ, ಉಚಿತವಾಗಿ ಕೊಟ್ಟರೂ ಕೆಡುತ್ತದೆ.

ಅತಿಥಿಗೂ ಒಂದು ಮಾತು. ನೀವು ಕೊಡುವ ಬಾಡಿಗೆ ಹಾಸಿಗೆಗೆ, ನೀರಿಗೆ, ದೀಪಕ್ಕೆ. ಬಕೆಟ್ಟಿನಲ್ಲಿ ಬಿಸಿನೀರು ಹೊತ್ತು ತರುವ ಹುಡುಗನನ್ನು ಆ ದುಡ್ಡಿನಿಂದ ನೀವು ಕೊಂಡುಕೊಂಡಿಲ್ಲ. ‘ಏಯ್’ ಎಂದು ಕೂಗುವ ಬದಲು ಅವನ ಹೆಸರು ಕೇಳಿ. ಹೊರಡುವಾಗ ಕೋಣೆಯನ್ನು ಇನ್ನೊಬ್ಬರು ಬರುವಂತಿರಿಸಿ. ಎಮ್ಮಾವುಸಿನ ದಾರಿಯಲ್ಲಿ ಶಿಷ್ಯರು ಅಪರಿಚಿತನೊಬ್ಬನನ್ನು ಉಳಿಯಲು ಒತ್ತಾಯಿಸಿದರು. ಮೇಜಿನ ಬಳಿ ರೊಟ್ಟಿ ಮುರಿದುಕೊಟ್ಟವನು ಆ ಅಪರಿಚಿತನೇ. ಅತಿಥಿಯೂ ಏನನ್ನಾದರೂ ತಂದಿರುತ್ತಾನೆ.

ಕೊನೆಗೆ ನಮ್ಮ ಮನೆಗಳ ಮಾತು. ನಮ್ಮಲ್ಲಿ ಅನೇಕರು ಮಹಡಿಯ ಮೇಲೊಂದು ಮನೆ ಕಟ್ಟಿಸಿ ‘ಮನೆ ಬಾಡಿಗೆಗೆ ಇದೆ’ ಎಂದು ಬೋರ್ಡು ಹಾಕುತ್ತೇವೆ. ಮಾಂಸ ತಿನ್ನುವವರೆಂದು, ಕ್ರೈಸ್ತರೆಂದು ನಮಗೆ ಮನೆ ಕೊಡದಿದ್ದಾಗ ನಾವು ನೊಂದುಕೊಳ್ಳುತ್ತೇವೆ. ಆದರೆ ನಮ್ಮ ಬೋರ್ಡು ನೋಡಿ ಬಂದವರನ್ನು ನಾವು ಏನು ಕೇಳುತ್ತೇವೆ? ‘ನೀವು ಯಾವ ಪೈಕಿ?’ ಎಂದು ಸುತ್ತಿ ಬಳಸಿ ವಿಚಾರಿಸುವುದಿಲ್ಲವೇ? ಒಂಟಿ ಹೆಂಗಸು, ಈಶಾನ್ಯ ರಾಜ್ಯದ ಹುಡುಗ, ಮುಸ್ಲಿಂ ಸಂಸಾರ ಬಂದರೆ ‘ನಿನ್ನೆಯೇ ಕೊಟ್ಟುಬಿಟ್ಟೆವು’ ಎನ್ನುವ ಸುಳ್ಳು ನಮ್ಮ ನಾಲಿಗೆಗೂ ಬರುವುದಿಲ್ಲವೇ? ‘ಹೆಂಡತಿಯನ್ನು ಕೇಳಿ ಹೇಳುತ್ತೇನೆ’ ಎಂದ ಬರೋಡಾದ ಮಿತ್ರನಿಗಿಂತ ನಾವು ಎಷ್ಟು ಮುಂದೆ ಬಂದಿದ್ದೇವೆ?

ದೊಡ್ಡ ಆಸ್ಪತ್ರೆಗಳ ಆವರಣದಲ್ಲಿ ರೋಗಿಗಳ ಕಡೆಯವರು ಚಾಪೆ ಹಾಸಿ ಮಲಗುವುದನ್ನು ನೀವು ಕಂಡಿದ್ದೀರಿ. ಲಾಡ್ಜಿನ ಬಾಡಿಗೆಯೂ ಅವರಿಗೆ ಹೊರೆ. ಆಸ್ಪತ್ರೆಯ ಸಮೀಪದ ಧರ್ಮಕೇಂದ್ರಗಳ ಸಭಾಂಗಣಗಳು ವಾರದ ಎಷ್ಟು ರಾತ್ರಿ ಬೀಗ ಹಾಕಿಕೊಂಡಿರುತ್ತವೆ? ಒಂದು ಕೋಣೆ, ನಾಲ್ಕು ಹಾಸಿಗೆ, ಕೊಡಬಲ್ಲವರಿಂದ ಸಣ್ಣ ಬಾಡಿಗೆ, ಕೊಡಲಾರದವರಿಗೆ ಉಚಿತ. ಇಷ್ಟನ್ನು ನಾಲ್ಕು ಕುಟುಂಬಗಳು ಸೇರಿದರೆ ನಡೆಸಬಹುದು. ಹೆಸರು ಬರೆದುಕೊಳ್ಳಲಿ, ಗುರುತಿನ ಚೀಟಿ ನೋಡಲಿ. ‘ನೀವು ನಮ್ಮವರೇ?’ ಎಂಬುದೊಂದನ್ನು ಮಾತ್ರ ಕೇಳದಿರಲಿ.

ತಾನು ಪರದೇಶಿಯಾಗಿದ್ದಾಗ ಬರಮಾಡಿಕೊಂಡವರನ್ನು ತನ್ನ ಬಲಗಡೆಗೆ ಕರೆಯುವೆನೆಂದು ಪ್ರಭು ತಿಳಿಸಿದ್ದಾನೆ. ಅವರಿಗೆ ತಾವು ಬರಮಾಡಿಕೊಂಡದ್ದು ಯಾರನ್ನೆಂದು ಗೊತ್ತೇ ಇರಲಿಲ್ಲ. ಅತಿಥಿ ಯಾರೆಂದು ಮೊದಲೇ ತಿಳಿದು ತೆರೆಯುವ ಬಾಗಿಲಿಗೆ ವಿಶ್ವಾಸದ ಅಗತ್ಯವಿಲ್ಲ. ಈ ವಾರ ರಾತ್ರಿಯ ಜಪಸರದ ನಂತರ ಮನೆಯವರೆಲ್ಲ ಒಟ್ಟಿಗೆ ಕುಳಿತಾಗ ಒಂದು ಪ್ರಶ್ನೆಯನ್ನು ಮಾತಾಡಿಕೊಳ್ಳಿ: ನಮ್ಮ ಬಾಗಿಲಿಗೆ ಬಂದು ಹಿಂದಿರುಗಿದವರು ಯಾರು, ಏಕೆ? ಉತ್ತರವನ್ನು ಮಕ್ಕಳ ಮುಂದೆಯೇ ಹೇಳಿ. ಬಾಗಿಲು ತೆರೆಯುವುದನ್ನೂ ಮುಚ್ಚುವುದನ್ನೂ ಅವರು ನಮ್ಮಿಂದಲೇ ಕಲಿಯುತ್ತಿದ್ದಾರೆ.