ಎಪ್ಪತ್ತೆರಡರಲ್ಲಿ ಒಂದು ಪಾಲು

ಯುದ್ಧವನ್ನು ಒಪ್ಪದ ಮನುಷ್ಯನು ಯುದ್ಧನೌಕೆಯೊಂದರ ಮರದ ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ದಿನವೂ ಅದನ್ನು ನೋಡಿ ಸಂತೋಷಪಡಬಹುದೇ? ಮೇಲ್ನೋಟಕ್ಕೆ ಇದೊಂದು ಪ್ರಶ್ನೆಯೇ ಅಲ್ಲ. ಆ ಪುಟ್ಟ ಹಡಗಿನ ಫಿರಂಗಿಗಳು ಒಂದು ನೊಣವನ್ನೂ ಕೊಲ್ಲಲಾರವು. ಅದನ್ನು ಕಟ್ಟಿದವನು ಯಾರ ಮೇಲೂ ಹಗೆ ಸಾಧಿಸಿದವನಲ್ಲ. ಆದರೂ ಅದರ ಸೌಂದರ್ಯಕ್ಕೆ ಮನಸೋಲುವಾಗ ನಾವು ಯಾವುದನ್ನು ಮರೆಯಲು ಒಪ್ಪಿಕೊಂಡಿದ್ದೇವೆ ಎಂಬುದು ವಿಚಾರಯೋಗ್ಯವಾದ ಸಂಗತಿ.

ಸಂಗ್ರಾಹಕರ ಮೆಚ್ಚಿನ ಮಾದರಿಗಳಲ್ಲಿ ಇಂಗ್ಲೆಂಡಿನ ‘ವಿಕ್ಟರಿ’ ಹಡಗಿನದು ಪ್ರಮುಖವಾದುದು. 1759ರಲ್ಲಿ ಚ್ಯಾಥಮ್ ಹಡಗುಕಟ್ಟೆಯಲ್ಲಿ ಇದರ ಕೆಲಸ ಆರಂಭವಾಯಿತು. 1765ರಲ್ಲಿ ಅದನ್ನು ನೀರಿಗಿಳಿಸಿದರು. 1805ರ ಅಕ್ಟೋಬರ್ 21ರಂದು ಸ್ಪೇನಿನ ಟ್ರಫಾಲ್ಗರ್ ಭೂಶಿರದ ಸಮೀಪ ನಡೆದ ಸಮರದಲ್ಲಿ ಅದು ಹೊತ್ತಿದ್ದ ಫಿರಂಗಿಗಳು 104. ಮೂಲ ಹಡಗು ಪೋರ್ಟ್ಸ್‌ಮತ್‌ನ ಒಣಕಟ್ಟೆಯಲ್ಲಿ 1922ರಿಂದ ನಿಂತಿದೆ. ಅದರ ಮಾದರಿಯ ಕಿಟ್‌ಗಳು ಹಲವು ಅಳತೆಗಳಲ್ಲಿ ದೊರೆಯುತ್ತವೆ. ಎಪ್ಪತ್ತೆರಡರಲ್ಲಿ ಒಂದು ಪಾಲು ಎಂಬುದು ಅವುಗಳಲ್ಲೊಂದು. 186 ಅಡಿ ಉದ್ದದ ಫಿರಂಗಿ ಅಂತಸ್ತು ಆ ಅಳತೆಯಲ್ಲಿ 31 ಅಂಗುಲವಾಗುತ್ತದೆ.

ಇದನ್ನು ಕಟ್ಟುವ ಕೆಲಸವು ಸಾಮಾನ್ಯವಾದುದಲ್ಲ. ಮೊದಲು ಬೆನ್ನೆಲುಬಿನಂಥ ತಳಮರ, ಅದಕ್ಕೆ ಅಡ್ಡಲಾಗಿ ಪಕ್ಕೆಲುಬುಗಳು. ಅವುಗಳ ಮೇಲೆ ತೆಳುವಾದ ಮರದ ಪಟ್ಟಿಗಳನ್ನು ನೀರಿನಲ್ಲಿ ನೆನೆಸಿ, ಬಾಗಿಸಿ, ಒಂದೊಂದಾಗಿ ಅಂಟಿಸಬೇಕು. ಆಮೇಲೆ ಹಾಯಿಕಂಬಗಳು, ಆಮೇಲೆ ಹಗ್ಗಗಳು. ಬಟಾಣಿಗಿಂತ ಚಿಕ್ಕ ರಾಟೆಗಳ ಮೂಲಕ ನೂಲನ್ನು ಪೋಣಿಸಿ ಬಿಗಿಯುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಕೆಲವರು ಒಂದು ಹಡಗಿಗಾಗಿ ವರ್ಷಗಳನ್ನೇ ಸವೆಸುತ್ತಾರೆ. ಅವಸರವೇ ಬದುಕಾಗಿರುವ ಈ ಕಾಲದಲ್ಲಿ ಇಂಥ ತಾಳ್ಮೆಯನ್ನು ಹೀಗಳೆಯಲು ನನಗಂತೂ ಮನಸ್ಸು ಬಾರದು. ಕೈ, ಕಣ್ಣು, ಮನಸ್ಸು ಮೂರೂ ಒಂದೇ ಕಡೆ ನೆಲೆನಿಲ್ಲುವುದು ತಪಸ್ಸಿನ ಒಂದು ಬಗೆಯೇ ಸರಿ.

ಆದರೆ ಇಷ್ಟೊಂದು ನಿಖರತೆ ಎಲ್ಲಿಯವರೆಗೆ? ಹೊರಗಿನ ಒಂದು ಗಂಟೂ ತಪ್ಪಬಾರದೆನ್ನುವ ಈ ಶ್ರದ್ಧೆಯು ಒಡಲೊಳಗೆ ಇಳಿಯುವುದಿಲ್ಲ. ಅನೇಕ ಕಿಟ್‌ಗಳಲ್ಲಿ ಕೆಳ ಅಂತಸ್ತಿನ ಫಿರಂಗಿಗಳು ಪೂರ್ಣ ಫಿರಂಗಿಗಳೇ ಅಲ್ಲ. ಕಿಂಡಿಯಿಂದ ಹೊರಚಾಚುವ ನಳಿಗೆಯ ತುದಿ ಮಾತ್ರ. ಅದರ ಹಿಂದೆ ಏನೂ ಇಲ್ಲ. ನಿಜವಾದ ಹಡಗಿನಲ್ಲಿ ಜನರಿದ್ದುದು ಅಲ್ಲಿಯೇ. ಸುಮಾರು 820 ಮಂದಿ ಆ ತಗ್ಗು ಸೂರಿನಡಿಯಲ್ಲಿ, ಫಿರಂಗಿಗಳ ನಡುವೆ ತೂಗುಹಾಸಿಗೆ ಕಟ್ಟಿ ಮಲಗಿದರು, ಉಂಡರು, ಕಾದಾಡಿದರು. ಸ್ವಇಚ್ಛೆಯಿಂದ ಸೇರಿದವರಿದ್ದಂತೆಯೇ ಬಲಾತ್ಕಾರದಿಂದ ಎಳೆತರಲ್ಪಟ್ಟವರೂ ಅಂದಿನ ನೌಕಾಪಡೆಯಲ್ಲಿ ಹೇರಳವಾಗಿದ್ದರು. ಮದ್ದು ಹೊತ್ತು ಓಡುವ ಕೆಲಸಕ್ಕೆ ಚಿಕ್ಕ ಬಾಲಕರನ್ನೂ ಹಚ್ಚುತ್ತಿದ್ದರು. ಸಮರದ ದಿನ ‘ವಿಕ್ಟರಿ’ಯೊಂದರಲ್ಲೇ ಸತ್ತವರು 57, ಗಾಯಗೊಂಡವರು 102. ಗಾಯಾಳುಗಳನ್ನು ನೀರಿನ ಮಟ್ಟಕ್ಕಿಂತ ಕೆಳಗಿನ ಕತ್ತಲ ಅಂತಸ್ತಿಗೆ ಇಳಿಸಿದರು. ಅರಿವಳಿಕೆ ಎಂಬುದು ಇನ್ನೂ ಬಾರದ ಕಾಲ. ಶಸ್ತ್ರವೈದ್ಯ ವಿಲಿಯಂ ಬೀಟಿ ಅಲ್ಲಿಯೇ ಕೈಕಾಲುಗಳನ್ನು ಕತ್ತರಿಸಿದನು. ಸೇನಾನಿ ನೆಲ್ಸನ್ ಪ್ರಾಣಬಿಟ್ಟುದೂ ಅಲ್ಲಿಯೇ. ಕಪಾಟಿನ ಹಡಗಿನಲ್ಲಿ ಆ ಸ್ಥಳ ಬರಿದು.

ಇಲ್ಲೊಂದು ಆಕ್ಷೇಪ ಏಳಬಹುದು. ಚದುರಂಗದಲ್ಲಿಯೂ ಆನೆ, ಕುದುರೆ, ಕಾಲಾಳುಗಳು ಸಾಯುತ್ತವೆ. ಅದನ್ನು ಆಡುವವರನ್ನು ಯಾರಾದರೂ ಆತ್ಮಪರೀಕ್ಷೆಗೆ ಕರೆಯುತ್ತಾರೆಯೇ? ನ್ಯಾಯವಾದ ಮಾತು. ಆದರೆ ಚದುರಂಗದ ಕಾಲಾಳು ತಾನು ಇಂಥ ದಿನ ಇಂಥಲ್ಲಿ ಸತ್ತವನ ಪ್ರತಿರೂಪವೆಂದು ಹೇಳಿಕೊಳ್ಳುವುದಿಲ್ಲ. ಮಾದರಿಯಾದರೋ ನೈಜತೆಯ ಮೇಲೆಯೇ ತನ್ನ ಬೆಲೆಯನ್ನು ನಿಲ್ಲಿಸಿಕೊಂಡಿದೆ. ಇದು ಇದ್ದದ್ದು ಇದ್ದಂತೆಯೇ ಎಂದು ಸಾರುವ ವಸ್ತುವನ್ನು, ಇಲ್ಲದ್ದು ಯಾವುದು ಎಂದು ಕೇಳುವ ಹಕ್ಕು ನಮಗಿದೆ. ಐದೂವರೆ ಅಡಿ ಎತ್ತರದ ನಾವಿಕನು ಈ ಅಳತೆಯಲ್ಲಿ ಒಂದು ಅಂಗುಲಕ್ಕಿಂತ ತುಸು ಕಡಿಮೆಯಾಗುತ್ತಾನೆ. ಅವನ ನೋವು ಎಷ್ಟು ಅಂಗುಲವಾಗುತ್ತದೆ?

ಅದೇ ಯುದ್ಧಗಳ ಕಾಲದಲ್ಲಿ ಬೇರೊಂದು ಬಗೆಯ ಮಾದರಿಗಳೂ ಹುಟ್ಟಿದವು. ಇಂಗ್ಲೆಂಡಿನ ಪೀಟರ್‌ಬರೋ ಪಟ್ಟಣದ ಬಳಿ ನಾರ್ಮನ್ ಕ್ರಾಸ್ ಎಂಬಲ್ಲಿ 1797ರಲ್ಲಿ ಯುದ್ಧಕೈದಿಗಳಿಗಾಗಿ ಮರದ ಬಿಡಾರಗಳನ್ನು ಕಟ್ಟಿದರು. 1814ರವರೆಗೆ ಸಾವಿರಾರು ಫ್ರೆಂಚ್ ಮತ್ತು ಡಚ್ ಕೈದಿಗಳು ಅಲ್ಲಿ ದಿನ ಎಣಿಸಿದರು. ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿಯೇ ಮಣ್ಣಾದರು. ಊಟದ ಮಾಂಸದಲ್ಲಿ ಉಳಿದ ಮೂಳೆಗಳನ್ನು ಕುದಿಸಿ, ಉಜ್ಜಿ, ಬಿಳುಪು ಮಾಡಿ, ಮೂಳೆ ಮತ್ತು ಮರದ ಚೂರುಗಳಿಂದ ಯುದ್ಧನೌಕೆಗಳನ್ನು ಕಟ್ಟಿದವರು ಇವರು. ಶಿಬಿರದ ಬಾಗಿಲಲ್ಲಿ ನಡೆಯುತ್ತಿದ್ದ ಸಂತೆಯಲ್ಲಿ ಅವುಗಳನ್ನು ಕೊಂಡವರು ಇಂಗ್ಲಿಷರು. ಹೀಗಾಗಿ ಅನೇಕ ಹಡಗುಗಳಿಗೆ ಇಂಗ್ಲಿಷ್ ಹೆಸರು, ಇಂಗ್ಲಿಷ್ ಬಾವುಟ! ತನ್ನನ್ನು ಸೆರೆಹಿಡಿದವರ ಹಡಗನ್ನು, ತನ್ನ ತಟ್ಟೆಯ ಎಲುಬಿನಿಂದ, ತನ್ನ ಅನ್ನಕ್ಕಾಗಿ ಕಟ್ಟುವ ಕೈಗಳನ್ನು ಒಮ್ಮೆ ನೆನೆಯೋಣ. ಪೀಟರ್‌ಬರೋ ವಸ್ತುಸಂಗ್ರಹಾಲಯದಲ್ಲಿ ಅವರ ಕೈಕೆಲಸಗಳ ದೊಡ್ಡ ಸಂಗ್ರಹವಿದೆ. ಹರಾಜಿನಲ್ಲಿ ಇಂಥವಕ್ಕೆ ಇಂದು ಭಾರಿ ಬೆಲೆ. ಅಳತೆಯಲ್ಲಿ ಅವು ಅನೇಕ ವೇಳೆ ತಪ್ಪಾಗಿವೆ. ಆದರೂ ಕಾರ್ಖಾನೆಯ ಕಿಟ್ಟಿಗಿಂತ ಅವೇ ಹೆಚ್ಚು ಸತ್ಯವೆಂದು ನನ್ನ ಎಣಿಕೆ.

ಹಾಗಾದರೆ ಕಪಾಟಿನ ಹಡಗನ್ನು ಹೊರಗೆಸೆಯಬೇಕೇ? ಬೇಡ. ಸುಂದರವಾದುದನ್ನು ಕಂಡು ಹಿಗ್ಗುವುದು ಅಪರಾಧವಲ್ಲ. ವೀರಗಾಥೆಯ ಹೆಸರಿನಲ್ಲಿ ಅದನ್ನು ಮಾರುವ ಮಾತಿಗೆ ಮಾತ್ರ ಕಿವಿಗೊಡದಿದ್ದರಾಯಿತು. ಮಗು ಬಂದು ‘ಇದರೊಳಗೆ ಯಾರಿದ್ದರು?’ ಎಂದು ಕೇಳಿದಾಗ ನೆಲ್ಸನ್ ಒಬ್ಬನ ಹೆಸರು ಹೇಳಿ ಸುಮ್ಮನಾಗದಿದ್ದರಾಯಿತು.

ಡೆನ್ಮಾರ್ಕಿನ ಕರಾವಳಿಯ ದೇವಾಲಯಗಳಲ್ಲಿ ಹಳೆಯ ರೂಢಿಯೊಂದಿದೆ. ಹಡಗಿನ ಮಾದರಿಗಳನ್ನು, ಅವುಗಳಲ್ಲಿ ಫಿರಂಗಿ ಹೊತ್ತ ಯುದ್ಧನೌಕೆಗಳನ್ನೂ, ಛಾವಣಿಯಿಂದ ಇಳಿಬಿಟ್ಟಿರುತ್ತಾರೆ. ಕಡಲಿನವರು, ಅವರ ಬಂಧುಬಳಗದವರು ಅರ್ಪಿಸಿದ ಕಾಣಿಕೆಗಳವು. ಭಕ್ತರು ಕುಳಿತುಕೊಳ್ಳುವ ಅಂಗಣಕ್ಕೆ ಲ್ಯಾಟಿನ್ ಭಾಷೆಯಲ್ಲಿ ಹಡಗು ಎಂಬರ್ಥದ ‘ನಾವಿಸ್’ ಎಂದೇ ಹೆಸರು; ನಮ್ಮ ‘ನಾವೆ’ಗೆ ಅದು ದೂರದ ನಂಟು. ಕಡಲಿಗೆ ಹೋದವರು ಮರಳಿ ಬಂದ ಮನೆಯವರು, ಬಾರದೇ ಉಳಿದ ಮನೆಯವರು ಇಬ್ಬರೂ ಆ ಮರದ ಹಡಗಿನ ನೆರಳಿನಲ್ಲಿ, ಒಂದೇ ಬೆಂಚಿನ ಮೇಲೆ ಕುಳಿತಿರುತ್ತಿದ್ದರು.